ಒಡಕುದನಿಯ ಪಾಠಾಂತರಗಳು

ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಇಲ್ಲಿ ಒಂದು ಅಕ್ಷರ ಹೆಚ್ಚು, ಅಲ್ಲಿ ಒಂದು ಕೊಂಬು ಕಡಿಮೆ ಎಂದು ಎಣಿಸುವುದರಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಅಂಥವನು ವಿದ್ಯುತ್ ಗಿಟಾರಿನ ಆಂಪ್ಲಿಫೈಯರನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಧ್ವನಿ ಉಪಕರಣಗಳ ರಿಪೇರಿ ಮಾಡುತ್ತಾರೆ. ಅವರು ಒಂದು ದಿನ ಇಂಥ ನಾಲ್ಕಾರು ಆಂಪ್ಲಿಫೈಯರುಗಳ ಸರ್ಕ್ಯೂಟ್ ನಕ್ಷೆಗಳನ್ನು ತಂದು ನನ್ನ ಮುಂದೆ ಹರಡಿ, ‘ಸಾರ್, ಇವುಗಳಲ್ಲಿ ಮೂಲಪ್ರತಿ ಯಾವುದು ಹೇಳಿ’ ಎಂದರು. ಪ್ರಶ್ನೆ ನನ್ನ ಕಸುಬಿನದೇ ಆದ್ದರಿಂದ ಬಿಡಲಾಗಲಿಲ್ಲ. ಒಂದೇ ಹೆಸರಿನ ಯಂತ್ರಗಳ ಒಳಗೆ ಬೇರೆ ಬೇರೆ ಪಾಠಗಳಿವೆ. ಬೇರೆ ಬೇರೆ ಹೆಸರಿನ ಯಂತ್ರಗಳ ಒಳಗೆ ಒಂದೇ ಪಾಠವಿದೆ. ಹೆಸರನ್ನು ನಂಬಿ ಲಕ್ಷಾಂತರ ರೂಪಾಯಿ ತೆರುವವರಿದ್ದಾರೆ. ಪಾಠವನ್ನು ಬರೆದ ಕೈಗಳನ್ನು ನೆನೆಯುವವರು ಕಡಿಮೆ. ಈ ಅನ್ಯಾಯದ ಕಥೆಯನ್ನೇ ಇಂದು ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ಈ ದನಿ ಎಂಥದೆಂಬುದನ್ನು ತಿಳಿಯಬೇಕು. ಗಿಟಾರಿನ ಉಕ್ಕಿನ ತಂತಿ ಅಲುಗಿದಾಗ ಅದರ ಕೆಳಗಿನ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಒಂದು ವೋಲ್ಟಿನ ಅಲ್ಪಭಾಗ ಮಾತ್ರ. ಅದನ್ನು ಹಿಗ್ಗಿಸುವುದು ಗಾಜಿನ ವಾಲ್ವಿನ ಕೆಲಸ. ನಮ್ಮ ಬಾಲ್ಯದ ರೇಡಿಯೋ ಪೆಟ್ಟಿಗೆಗಳಲ್ಲಿ ಮಿಣಿಮಿಣಿ ಉರಿಯುತ್ತಿದ್ದ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಒಂದು ಕಾಲದಲ್ಲಿ ತಯಾರಿಸುತ್ತಿದ್ದ ಅದೇ ಜಾತಿಯ ವಾಲ್ವು. ಅದಕ್ಕೊಂದು ಮಿತಿಯುಂಟು. ಮಿತಿ ಮೀರಿ ದುಡಿಸಿದರೆ ಧ್ವನಿತರಂಗದ ನೆತ್ತಿಯೂ ಪಾದವೂ ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ತಂತಿಯಲ್ಲಿ ಇಲ್ಲದಿದ್ದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ರೇಡಿಯೋದಲ್ಲಿ ಇದು ದೋಷ. ಗಿಟಾರಿನಲ್ಲಿ ಇದು ಗುಣವೆಂದು ವಾದಕರು ಕಂಡುಕೊಂಡರು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆದ ದಾರವನ್ನು ನೆನೆಯಿರಿ. ಆ ದಾರವಿಲ್ಲದಿದ್ದರೆ ತಂತಿಯ ನಾದ ಶುದ್ಧವಾಗಿರುತ್ತದೆ, ಆದರೆ ಮೂಕವಾಗಿರುತ್ತದೆ. ದಾರ ಸರಿಯಾದ ಜಾಗದಲ್ಲಿ ಕೂತಾಗ ಬರುವ ಆ ಝೇಂಕಾರವನ್ನೇ ಜವಾರಿ ಎನ್ನುತ್ತೇವೆ. ವಿದ್ಯುತ್ ಗಿಟಾರಿನ ಒಡಕುದನಿಯೂ ಅಂಥದೇ ಒಂದು ಜವಾರಿ, ಸ್ವಲ್ಪ ಗಂಡುಜಾತಿಯದು ಎನ್ನಬಹುದು. ಈ ಒಡಕನ್ನು ಬೇಕೆಂದೇ ಪಡೆಯಲು ಹಿಗ್ಗಿಸುವ ಹಂತಗಳನ್ನು ಒಂದರ ಹಿಂದೊಂದಾಗಿ ಪೋಣಿಸಿದ ಯಂತ್ರಗಳಿಗೆ ‘ಹೈಗೇನ್’ ಆಂಪ್ಲಿಫೈಯರ್ ಎಂಬ ಹೆಸರು ಬಿದ್ದಿದೆ.

ವಂಶಾವಳಿಯ ಬೇರು ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿದೆ. ಅಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್, ಮುಂದೆ ಜಗತ್ತಿನ ಅತ್ಯಂತ ಪ್ರಸಿದ್ಧ ಗಿಟಾರುಗಳ ತಯಾರಕನಾದರೂ, ಸ್ವತಃ ಗಿಟಾರ್ ನುಡಿಸಲು ಬಾರದವನು. ಅವನ ‘ಬಾಸ್‌ಮನ್’ ಎಂಬ ಆಂಪ್ಲಿಫೈಯರು, ಹೆಸರೇ ಹೇಳುವಂತೆ, ಮಂದ್ರದ ಬಾಸ್ ಗಿಟಾರಿಗೆಂದು ಮಾಡಿದ್ದು. 1950ರ ದಶಕದ ಕೊನೆಯಲ್ಲಿ ಬಂದ ಅದರ ಒಂದು ರೂಪಕ್ಕೆ 5ಎಫ್6-ಎ ಎಂದು ಸಂಖ್ಯೆ. ಬಾಸ್ ನುಡಿಸುವವರಿಗಿಂತ ಸಾಮಾನ್ಯ ಗಿಟಾರ್ ವಾದಕರೇ ಅದನ್ನು ಹೆಚ್ಚಾಗಿ ಮೆಚ್ಚಿದರು. ಇದನ್ನೇ ಮೂಲವೆನ್ನೋಣವೆಂದರೆ ಅದೂ ಅಷ್ಟು ಸಲೀಸಲ್ಲ. ಫೆಂಡರನ ಆರಂಭದ ಸರ್ಕ್ಯೂಟುಗಳು ವಾಲ್ವು ತಯಾರಕರು ಅಚ್ಚುಹಾಕಿಸಿ ಹಂಚುತ್ತಿದ್ದ ಕೈಪಿಡಿಗಳ ಮಾದರಿಗಳಿಗೆ ಬಹಳ ಋಣಿ. ಬಾಗಿಲು ತೆರೆದಷ್ಟೂ ಹಿಂದೆ ಇನ್ನೊಂದು ಬಾಗಿಲು; ಪ್ರಾಚೀನ ಗ್ರಂಥ ಸಂಪಾದಿಸಿದವರಿಗೆ ಈ ಅನುಭವ ಹೊಸದಲ್ಲ.

ಇನ್ನು ಲಂಡನ್ನಿಗೆ ಬರೋಣ. ನಗರದ ಪಶ್ಚಿಮಕ್ಕಿರುವ ಹ್ಯಾನ್‌ವೆಲ್ ಎಂಬಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕ 1960ರಲ್ಲಿ ಒಂದು ವಾದ್ಯಗಳ ಅಂಗಡಿ ತೆರೆದ. ಡ್ರಮ್ ಪಾಠ ಹೇಳಿಕೊಡುತ್ತಿದ್ದವನಾದ್ದರಿಂದ ಹುಡುಗರ ಗುಂಪು ಅಂಗಡಿಗೆ ಬರುತ್ತಿತ್ತು. ಅವರ ಜೊತೆಗೆ ಗಿಟಾರಿನವರೂ ಬರತೊಡಗಿದರು. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಅವರಲ್ಲೊಬ್ಬ. ಅಮೆರಿಕದ ಫೆಂಡರ್ ಆಂಪ್ಲಿಫೈಯರು ಇಂಗ್ಲೆಂಡಿನಲ್ಲಿ ಬಲು ತುಟ್ಟಿ. ಅಂಥದನ್ನು ಇಲ್ಲೇ ಮಾಡಿಕೊಡಬಾರದೇಕೆ ಎಂಬ ಮಾತು ಬಂತು. ಮಾರ್ಷಲ್‌ನಿಗೆ ವಿದ್ಯುತ್ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅಂಗಡಿಯ ರಿಪೇರಿ ಕೆಲಸ ನೋಡಿಕೊಳ್ಳುತ್ತಿದ್ದ ಕೆನ್ ಬ್ರಾನ್, ಮತ್ತು ಇ.ಎಂ.ಐ. ಸಂಸ್ಥೆಯಲ್ಲಿ ಅಪ್ರೆಂಟಿಸ್ ಆಗಿದ್ದ, ಇನ್ನೂ ಹದಿಹರೆಯದ, ಡಡ್ಲಿ ಕ್ರೇವನ್ ಎಂಬ ಯುವಕ. ಕೆನ್ ಅಂಡರ್‌ವುಡ್ ಎಂಬ ಇನ್ನೊಬ್ಬನ ಕೈಯೂ ಇದರಲ್ಲಿ ಇತ್ತು. ಇವರು ಬಾಸ್‌ಮನ್ನಿನ ಸರ್ಕ್ಯೂಟನ್ನು ಮುಂದಿಟ್ಟುಕೊಂಡು 1962ರಲ್ಲಿ ಪ್ರತಿ ಮಾಡಲು ಕೂತರು. ಒಂದಾದ ಮೇಲೊಂದು ಮಾದರಿಯನ್ನು ತಿರಸ್ಕರಿಸಿ ಆರನೆಯದನ್ನು ಒಪ್ಪಿದೆನೆಂದೂ, ಅದನ್ನು ಅಂಗಡಿಯಲ್ಲಿಟ್ಟ ಮೊದಲ ದಿನವೇ 23 ಬೇಡಿಕೆಗಳು ಬಂದವೆಂದೂ ಮಾರ್ಷಲ್ ಮುಂದೆ ಹೇಳಿಕೊಳ್ಳುತ್ತಿದ್ದ. ಅದಕ್ಕೆ ಇಟ್ಟ ಹೆಸರು ಜೆಟಿಎಂ 45. ಜಿಮ್ ಮತ್ತು ಅವನ ಮಗ ಟೆರಿ, ಇವರಿಬ್ಬರ ಹೆಸರುಗಳ ಮೊದಲಕ್ಷರಗಳು ಅದರಲ್ಲಿವೆ. ಬ್ರಾನ್‌ನದಾಗಲಿ ಕ್ರೇವನ್ನನದಾಗಲಿ ಒಂದಕ್ಷರವೂ ಇಲ್ಲ.

ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಇಷ್ಟು ನಿಷ್ಠಾವಂತ ಲಿಪಿಕಾರರು ಅಪರೂಪ. ಮೊದಲ ವಾಲ್ವಿನ ಎರಡು ಅರ್ಧಗಳೂ ಹಂಚಿಕೊಳ್ಳುವ 820 ಓಮಿನ ರೋಧಕ ಫೆಂಡರಿನಲ್ಲಿದೆ, ಹಾಗೆಯೇ ಮಾರ್ಷಲ್ಲಿನಲ್ಲೂ ಇದೆ. ಸ್ವರದ ಏರಿಳಿತವನ್ನು ತಿದ್ದುವ ಜಾಲದಲ್ಲಿ 56 ಸಾವಿರ ಓಮಿನ ರೋಧಕ ಅಲ್ಲೂ ಇದೆ, ಇಲ್ಲೂ ಇದೆ. ಆದರೂ ದನಿ ಬೇರೆಯಾಯಿತು. ಪಾಠ ಒಂದೇ ಆಗಿದ್ದರೂ ಪದಾರ್ಥ ಬೇರೆಯಾದದ್ದೇ ಕಾರಣ. ಮೊದಲ ಹಂತದಲ್ಲಿ ಫೆಂಡರ್ ಬಳಸಿದ್ದು 12ಎವೈ7 ಎಂಬ ಸೌಮ್ಯ ವಾಲ್ವು. ಹ್ಯಾನ್‌ವೆಲ್ಲಿನವರು ಹಾಕಿದ್ದು ಇಸಿಸಿ 83. ಇದನ್ನೇ ಅಮೆರಿಕದವರು 12ಎಎಕ್ಸ್7 ಎನ್ನುತ್ತಾರೆ. ವಸ್ತು ಒಂದು, ನಾಮ ಎರಡು. ಇದರ ವರ್ಧನಾಂಕ 100, ಮೊದಲಿನದು ಅದರ ಅರ್ಧಕ್ಕಿಂತ ಕಡಿಮೆ. ಅಂದಮೇಲೆ ಬಾಗಿಲಲ್ಲೇ ಇಮ್ಮಡಿ ಜೋರು. ಕೊನೆಯ ಹಂತದಲ್ಲಿ ಮೊದಮೊದಲು ಅಮೆರಿಕದ 5881 ವಾಲ್ವುಗಳಿದ್ದವು, ಬೇಗನೆ ಬ್ರಿಟಿಷ್ ಕೆಟಿ 66 ಬಂದವು. ಫೆಂಡರ್ 10 ಅಂಗುಲದ ನಾಲ್ಕು ಸ್ಪೀಕರುಗಳನ್ನು ಬೆನ್ನು ತೆರೆದ ಪೆಟ್ಟಿಗೆಯಲ್ಲಿ, ಆಂಪ್ಲಿಫೈಯರಿನ ಜೊತೆಗೇ ಇಟ್ಟಿದ್ದ. ಮಾರ್ಷಲ್ 12 ಅಂಗುಲದ ನಾಲ್ಕು ಸೆಲೆಷನ್ ಸ್ಪೀಕರುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿ ಬೆನ್ನನ್ನು ಮುಚ್ಚಿಬಿಟ್ಟ. ತೆರೆದ ಮಂಟಪದಲ್ಲಿ ಹಾಡಿದ್ದಕ್ಕೂ ಮುಚ್ಚಿದ ಗರ್ಭಗುಡಿಯಲ್ಲಿ ಹಾಡಿದ್ದಕ್ಕೂ ಇರುವ ವ್ಯತ್ಯಾಸ ಇದು. ಇವುಗಳಲ್ಲಿ ಹೆಚ್ಚಿನವು ತತ್ತ್ವದಿಂದ ಹುಟ್ಟಿದ ಬದಲಾವಣೆಗಳಲ್ಲ. ಕೈಗೆ ಸಿಕ್ಕ ಸಾಮಾನಿನಿಂದ ಹುಟ್ಟಿದವು. ಕರಾವಳಿಯ ಅಡುಗೆಯನ್ನು ಬಯಲುಸೀಮೆಯಲ್ಲಿ ಮಾಡಹೊರಟವರ ಕೈಯಲ್ಲಿ ಹೊಸ ರುಚಿಯೊಂದು ಹುಟ್ಟುವಂತೆ, ನಿಷ್ಠೆಯ ಪ್ರತಿಯೊಂದು ಹೊಸ ಕೃತಿಯಾಯಿತು.

ಇಲ್ಲೊಂದು ಬಲೆಯಿದೆ, ಎಚ್ಚರಿಸದೆ ಮುಂದೆ ಹೋಗಲಾರೆ. ಮಾರ್ಷಲ್ಲಿನ 100 ವ್ಯಾಟಿನ ಪ್ರಸಿದ್ಧ ಮಾದರಿಯ ಸಂಖ್ಯೆ 1959; 50 ವ್ಯಾಟಿನದರ ಸಂಖ್ಯೆ 1987. ಇವು ಇಸವಿಗಳಲ್ಲ, ಬರಿಯ ಮಾದರಿ ಸಂಖ್ಯೆಗಳು. 1959 ಎಂಬುದು ಹುಟ್ಟಿದ್ದು 1965ರಲ್ಲಿ. ಇನ್ನು ನೂರಿನ್ನೂರು ವರ್ಷಗಳ ಮೇಲೆ ಯಾವನಾದರೂ ಸಂಶೋಧಕ ಮಾರ್ಷಲ್ ಅಂಗಡಿ ತೆರೆಯುವ ಮೊದಲೇ ಆಂಪ್ಲಿಫೈಯರ್ ಮಾಡಿದ್ದನೆಂದು ಮಹಾಪ್ರಬಂಧ ಬರೆದರೆ ನಾನಂತೂ ನಗುವುದಿಲ್ಲ. ಶಾಸನಗಳ ಕಾಲನಿರ್ಣಯದಲ್ಲಿ ಇಂಥ ಸಾಹಸಗಳನ್ನು ಬೇಕಾದಷ್ಟು ನೋಡಿದ್ದೇನೆ.

100 ವ್ಯಾಟು ಬಂದದ್ದು ‘ದಿ ಹೂ’ ತಂಡದವರ ಹಟದಿಂದ. ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆ ಬೇಕೆಂದು ಟೌನ್‌ಶೆಂಡ್ ಮಾಡಿಸಿಕೊಂಡ. ಅದನ್ನು ಹೊರಲಾರದೆ ಆಳುಗಳು ಗೋಳಾಡಿದ ಮೇಲೆ ಅದನ್ನು ಎರಡಾಗಿ ಸೀಳಿ ಒಂದರ ಮೇಲೊಂದು ಪೇರಿಸಿದರು. ಮುಂದೆ ಜಗತ್ತಿನ ರಂಗಮಂಚಗಳ ಮೇಲೆಲ್ಲ ಕಾಣಿಸಿಕೊಂಡ ಆ ಕಪ್ಪು ಗೋಡೆಯ ಹುಟ್ಟು ಇದು. 1966ರಲ್ಲಿ ಅಮೆರಿಕದಿಂದ ಲಂಡನ್ನಿಗೆ ಬಂದ ಜಿಮಿ ಹೆಂಡ್ರಿಕ್ಸ್ ಇದನ್ನು ಲೋಕಪ್ರಸಿದ್ಧ ಮಾಡಿದ. ಅವನ ಪೂರ್ಣ ಹೆಸರು ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್ ಎಂಬುದು ಕೇವಲ ಕಾಕತಾಳೀಯ. ಇದೇ ಹೊತ್ತಿಗೆ ಕೆಟಿ 66ರ ಜಾಗಕ್ಕೆ ಇಎಲ್ 34 ವಾಲ್ವು ಬಂತು, 56 ಸಾವಿರದ ರೋಧಕ 33 ಸಾವಿರಕ್ಕೆ ಇಳಿಯಿತು, ದನಿ ಇನ್ನಷ್ಟು ಹರಿತವಾಯಿತು. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದ ಪ್ರತಿಗಳ ಕಥೆ ಇನ್ನೂ ಸ್ವಾರಸ್ಯ. ಅಲ್ಲಿನ ಆಮದುದಾರರು 1970ರ ದಶಕದಿಂದ ಮುಂದೆ ಅನೇಕ ವರ್ಷ ಇಎಲ್ 34 ತೆಗೆದು ಗಟ್ಟಿಮುಟ್ಟಾದ 6550 ವಾಲ್ವುಗಳನ್ನು ಹಾಕಿಸಿ ಮಾರಿದರು. ಹೀಗಾಗಿ ಒಂದೇ ವರ್ಷದ ಒಂದೇ ಮಾದರಿಗೆ ಇಂಗ್ಲೆಂಡಿನ ಪಾಠವೊಂದು, ಅಮೆರಿಕದ ಪಾಠವೊಂದು. ಅಮೆರಿಕದ ಗಾನಮುದ್ರಿಕೆಗಳನ್ನು ಕೇಳಿ ಬೆಳೆದವನಿಗೂ ಲಂಡನ್ನಿನ ಗಾನಮುದ್ರಿಕೆಗಳನ್ನು ಕೇಳಿ ಬೆಳೆದವನಿಗೂ ‘ನಿಜವಾದ ಮಾರ್ಷಲ್ ದನಿ’ ಬೇರೆ ಬೇರೆಯಾಗಿ ಕೇಳಿಸಿದರೆ ಇಬ್ಬರೂ ಸುಳ್ಳುಗಾರರಲ್ಲ.

ಈ ಯಂತ್ರಗಳಿಗೊಂದು ಕ್ರೂರ ನಿಯಮವಿತ್ತು. ಒಡಕುದನಿ ಬೇಕಾದರೆ ಪೂರ್ತಿ ಜೋರಿನಲ್ಲಿ ನುಡಿಸಲೇಬೇಕು, ಏಕೆಂದರೆ ಕಡೆಯ ದೊಡ್ಡ ವಾಲ್ವುಗಳೂ ಮಿತಿ ಮೀರಬೇಕು. ಟೌನ್‌ಶೆಂಡ್ ತನ್ನ ಕಿವಿಗಾದ ಹಾನಿಯ ಬಗ್ಗೆ ಬಹಿರಂಗವಾಗಿಯೇ ಮಾತನಾಡಿದ್ದಾನೆ. 1975ರಲ್ಲಿ ಬಂದ 2203 ಎಂಬ ಮಾದರಿ ಈ ನಿಯಮವನ್ನು ಮುರಿಯಿತು. ಹಿಂದಿನ ಯಂತ್ರದಲ್ಲಿ ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಎರಡು ಚಾನೆಲುಗಳ ಮೊದಲ ಹಂತಗಳನ್ನು ಇಲ್ಲಿ ಒಂದರ ಬೆನ್ನಿಗೊಂದು ಸಾಲಾಗಿ ಕಟ್ಟಿದರು. ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಮತ್ತೆ ಹಿಗ್ಗಿಸಬೇಕು. ಒಡಕು ಅಲ್ಲೇ, ಚಿಕ್ಕ ವಾಲ್ವುಗಳಲ್ಲೇ ಹುಟ್ಟುತ್ತದೆ. ಕೊನೆಯಲ್ಲಿ ಮಾಸ್ಟರ್ ವಾಲ್ಯೂಮ್ ಎಂಬ ಇನ್ನೊಂದು ತಿರುಪು ಇಟ್ಟು, ಒಟ್ಟು ಜೋರನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ಹೊಸ ವಾಲ್ವು ಸೇರಿಸದೆ, ಇದ್ದುದರ ಅನ್ವಯವನ್ನು ಬದಲಿಸಿ ಹೊಸ ಅರ್ಥ ಹುಟ್ಟಿಸಿದ ಜಾಣತನ ಇದು. ನನ್ನ ಮಟ್ಟಿಗೆ ಈ ಪರಂಪರೆಯಲ್ಲಿ ಅತ್ಯಂತ ಸೊಗಸಾದ ತಿದ್ದುಪಡಿ ಇದೇ.

ಆದರೆ ಜನ ನೆನೆಯುವುದು 2203 ಎಂಬ ಸಂಖ್ಯೆಯನ್ನಲ್ಲ, ಜೆಸಿಎಂ 800 ಎಂಬ ಹೆಸರನ್ನು. ಅದು ಬಂದದ್ದು 1981ರಲ್ಲಿ. 1965ರಲ್ಲಿ ರೋಸ್-ಮಾರಿಸ್ ಎಂಬ ವಿತರಕ ಸಂಸ್ಥೆಯೊಡನೆ ಮಾರ್ಷಲ್ ಮಾಡಿಕೊಂಡಿದ್ದ ಕರಾರು ಆ ವರ್ಷ ಮುಗಿಯಿತು. ಹೊಸ ಮಾರಾಟಕ್ಕೆ ಹೊಸ ವೇಷ ಬೇಕಲ್ಲ? ಜೇಮ್ಸ್ ಚಾರ್ಲ್ಸ್ ಮಾರ್ಷಲ್ ಎಂಬುದರ ಮೊದಲಕ್ಷರಗಳಿಗೆ ಅವನ ಕಾರಿನ ನೋಂದಣಿ ಸಂಖ್ಯೆಯ 800 ಸೇರಿ ಹೆಸರಾಯಿತು. ಒಳಗಿದ್ದದ್ದು ಮೊದಮೊದಲು ಬಹುಮಟ್ಟಿಗೆ ಅದೇ 1975ರ ಸರ್ಕ್ಯೂಟು. ಮುಖಪುಟ ಬದಲಿಸಿದ ಮರುಮುದ್ರಣವನ್ನು ಹೊಸ ಕೃತಿಯೆಂದು ಕೊಂಡವರು ಪುಸ್ತಕಲೋಕದಲ್ಲಷ್ಟೇ ಇಲ್ಲ. ಆ ಕರಾರು ಇದ್ದಾಗಲೇ ಅದೇ ಕಾರ್ಖಾನೆಯಿಂದ, ಹೆಚ್ಚುಕಡಿಮೆ ಅದೇ ಯಂತ್ರ ‘ಪಾರ್ಕ್’ ಎಂಬ ಬೇರೆ ಹೆಸರಿನಲ್ಲಿ ಹೊರಬರುತ್ತಿತ್ತು. ವಿತರಕರ ಹಿಡಿತದಿಂದ ಹೊರಗೆ ಮಾರಲು ಕಂಡುಕೊಂಡ ದಾರಿ ಅದು.

ಅಮೆರಿಕದಲ್ಲಿ ಈ ಪಾಠ ಮತ್ತೆ ಬೆಳೆಯಿತು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ 1960ರ ದಶಕದ ಕೊನೆಯಲ್ಲೇ ಫೆಂಡರಿನ ಪುಟ್ಟ ಪ್ರಿನ್ಸ್‌ಟನ್ ಆಂಪ್ಲಿಫೈಯರುಗಳನ್ನು ಬಿಚ್ಚಿ ಬಲಪಡಿಸಿ, ಮುಂದೆ ಮೆಸಾ ಬೂಗಿ ಎಂಬ ಸಂಸ್ಥೆ ಕಟ್ಟಿದ. ಹಂತಗಳನ್ನು ಸಾಲಾಗಿ ಪೋಣಿಸುವ ಕೆಲಸವನ್ನು ಅವನು 2203ಕ್ಕಿಂತ ಮೊದಲೇ ಮಾಡಿದ್ದನೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 1987ರಲ್ಲಿ ಮೈಕ್ ಸೊಲ್ಡಾನೊ ಎಂಬವನು ಎಸ್‌ಎಲ್‌ಒ 100 ಎಂಬ ಯಂತ್ರ ತಂದ. 1990ರ ದಶಕದ ಆರಂಭದಲ್ಲಿ ಮೆಸಾ ಬೂಗಿಯಿಂದ ಡ್ಯುಯಲ್ ರೆಕ್ಟಿಫೈಯರ್, 1992ರಲ್ಲಿ ಪೀವಿ ಸಂಸ್ಥೆಯಿಂದ 5150 ಬಂದವು. ಮೂರು ಸಂಸ್ಥೆ, ಮೂರು ಹೆಸರು, ಮೂರು ಬಗೆಯ ಅಭಿಮಾನಿಗಳು.

ಗ್ರಂಥಸಂಪಾದನೆಯಲ್ಲಿ ನಮಗೊಂದು ಸೂತ್ರವಿದೆ. ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ; ವಿಚಿತ್ರವಾದ ಪಾಠ ಒಂದೇ ಆಗಿದ್ದರೆ ಅವು ಒಂದೇ ಮನೆತನದವು. ಈ ಯಂತ್ರಗಳಲ್ಲಿ ವಾಲ್ವಿನ ಕ್ಯಾಥೋಡಿಗೆ ಒಂದು ರೋಧಕವಿರುತ್ತದೆ. ಅದರ ಬೆಲೆ ಸಾಮಾನ್ಯವಾಗಿ 820ರಿಂದ 2,700 ಓಮ್. 2203ರ ಒಂದು ಹಂತದಲ್ಲಿ ಅದು 10,000. ಅಷ್ಟು ದೊಡ್ಡದನ್ನು ಹಾಕಿದರೆ ವಾಲ್ವು ಅರೆನಿದ್ರೆಯಲ್ಲಿದ್ದಂತಾಗಿ ತರಂಗದ ಒಂದು ಪಾರ್ಶ್ವವನ್ನು ಬೇಗ ಕತ್ತರಿಸುತ್ತದೆ. ಬೇಕೆಂದೇ ಇಟ್ಟ ದೋಷ ಅದು, ಒಂದು ಬಗೆಯ ಜವಾರಿ ದಾರ. ಸೊಲ್ಡಾನೊನ ಯಂತ್ರದಲ್ಲಿ ಇಂಥ ಹಂತದ ರೋಧಕ 39,000 ಓಮ್. ಡ್ಯುಯಲ್ ರೆಕ್ಟಿಫೈಯರಿನಲ್ಲಿ? 39,000. ಪೀವಿ 5150ರಲ್ಲಿ? ಅದೂ 39,000. ನನ್ನ ವಿದ್ಯಾರ್ಥಿ ಮೂರು ನಕ್ಷೆಗಳಲ್ಲಿ ಈ ಮೂರು ಅಂಕೆಗಳಿಗೆ ಕೆಂಪು ಗೆರೆ ಎಳೆದು ತೋರಿಸಿದಾಗ, ಮೂರು ಬೇರೆ ಊರುಗಳ ಓಲೆಗರಿಗಳಲ್ಲಿ ಒಂದೇ ವಿಲಕ್ಷಣ ಪಾಠ ಕಂಡಂತಾಯಿತು. ಪಾಠ ಒಂದೇ ಆದರೂ ದನಿ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಸುತ್ತಲಿನ ಜಾಲ, ಟ್ರಾನ್ಸ್‌ಫಾರ್ಮರು, ಕೊನೆಯ ವಾಲ್ವು ಇವು ಬೇರೆ. ಮೆಸಾದ ದನಿಯಲ್ಲಿ ಮಂದ್ರದ ತೂಕ ಹೆಚ್ಚು, ಪೀವಿಯದರಲ್ಲಿ ಮಧ್ಯದ ಬಿಗಿ ಹೆಚ್ಚು ಎಂದು ನನ್ನ ಹಳೆಯ ಕಿವಿಗೂ ಅನಿಸುತ್ತದೆ.

5150ರ ಹೆಸರಿನ ಚರಿತ್ರೆಯಂತೂ ಒಂದು ಪ್ರಹಸನ. ಮನಸ್ಸಿನ ಸ್ಥಿಮಿತ ತಪ್ಪಿದವರನ್ನು ತಾತ್ಕಾಲಿಕವಾಗಿ ಆಸ್ಪತ್ರೆಯಲ್ಲಿರಿಸಲು ಅವಕಾಶ ಕೊಡುವ ಕ್ಯಾಲಿಫೋರ್ನಿಯಾದ ಕಾನೂನಿನ ಕಲಮಿನ ಸಂಖ್ಯೆ ಅದು. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಆ ಸಂಖ್ಯೆಯನ್ನು ತನ್ನ ಮನೆಯ ಸ್ಟುಡಿಯೋಗೆ ಇಟ್ಟ. 1986ರಲ್ಲಿ ತಂಡದ ಆಲ್ಬಮ್ಮಿಗೂ ಅದೇ ಹೆಸರಾಯಿತು. ಸೊಲ್ಡಾನೊ ಯಂತ್ರವನ್ನು ಬಳಸುತ್ತಿದ್ದ ಅವನಿಗಾಗಿ ಪೀವಿಯ ಇಂಜಿನಿಯರ್ ಜೇಮ್ಸ್ ಬ್ರೌನ್ ಹೊಸದನ್ನು ರೂಪಿಸಿದಾಗ ಅದಕ್ಕೂ ಅದೇ ಸಂಖ್ಯೆ. ಮೊದಲ ಪ್ರತಿಗಳ ಫಲಕದ ಮೇಲೆ ವ್ಯಾನ್ ಹೇಲನ್ನನ ಸಹಿಯಿತ್ತು. ಮುಂದಿನವುಗಳಲ್ಲಿ ಸಹಿ ಹೋಗಿ ಬರಿಯ ಅಚ್ಚಿನ ಅಕ್ಷರ ಬಂತು. ‘ಸಹಿಯ ಪ್ರತಿ’, ‘ಅಚ್ಚಿನ ಪ್ರತಿ’ ಎಂದು ಸಂಗ್ರಾಹಕರು ಈಗಲೂ ವಾದಿಸುತ್ತಾರೆ, ಬೆಲೆ ಕಟ್ಟುತ್ತಾರೆ. 2004ರಲ್ಲಿ ವ್ಯಾನ್ ಹೇಲನ್ ಪೀವಿಯನ್ನು ಬಿಟ್ಟ. ಬಿಡುವಾಗ ಹೆಸರು ಅವನ ಜೊತೆ ಹೋಯಿತು, ಸರ್ಕ್ಯೂಟು ಪೀವಿಯಲ್ಲೇ ಉಳಿಯಿತು. 1965ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ 2005ಕ್ಕೆ ನಲವತ್ತು ತುಂಬುವುದೆಂಬ ನೆವದಿಂದ 65 ಮತ್ತು 05 ಸೇರಿಸಿ ಅದೇ ಯಂತ್ರವನ್ನು 6505 ಎಂದು ಕರೆದರು. ಅತ್ತ ವ್ಯಾನ್ ಹೇಲನ್ 2007ರಲ್ಲಿ 5150 III ಎಂಬ ಹೊಸ ಯಂತ್ರ ತಂದ. ಹೆಸರಿನಿಂದ ಅದು 5150ರ ಮೂರನೆಯ ಪರಿಷ್ಕರಣ. ಆದರೆ 1992ರ ಪಾಠ ಬೇಕೆಂದವನು ಓದಬೇಕಾದದ್ದು 6505ನ್ನು. ಇನ್ನೊಂದು ಮಾತು. ಆ 5150 III ಯಂತ್ರವನ್ನು ತಯಾರಿಸಿದ ಸಂಸ್ಥೆ ಯಾವುದು ಗೊತ್ತೆ? ಫೆಂಡರ್. ಲಿಯೊ ಫೆಂಡರ್ ಸಂಸ್ಥೆಯನ್ನು 1965ರಲ್ಲೇ ಮಾರಿ, 1991ರಲ್ಲಿ ತೀರಿಕೊಂಡಿದ್ದ. ಬಾಸ್‌ಮನ್ನಿನ ಮರಿಮಗ ಮುತ್ತಜ್ಜನ ಮನೆಗೇ ದತ್ತು ಬಂದಂತಾಯಿತು.

ಮಾರ್ಷಲ್ ಎಂಬ ಹೆಸರೂ ಈಗ ತನ್ನ ಪಾಠವನ್ನು ಬಿಟ್ಟು ಬಹುದೂರ ನಡೆದಿದೆ. ಜಿಮ್ ಮಾರ್ಷಲ್ 2012ರಲ್ಲಿ ನಿಧನನಾದ. ಆ ಹೆಸರಿನಲ್ಲಿ ಹೆಡ್‌ಫೋನುಗಳನ್ನೂ ಮನೆಯ ಸ್ಪೀಕರುಗಳನ್ನೂ ಮಾಡಲು ಅನುಮತಿ ಪಡೆದಿದ್ದ ಝೌಂಡ್ ಎಂಬ ಸ್ವೀಡನ್ನಿನ ಸಂಸ್ಥೆ 2023ರಲ್ಲಿ ಮೂಲ ಸಂಸ್ಥೆಯನ್ನೇ ಕೊಂಡುಕೊಂಡಿತು. ನಮ್ಮ ಬಸ್ಸುಗಳಲ್ಲಿ ಕಾಲೇಜಿನ ಹುಡುಗರ ಕಿವಿಯ ಮೇಲೆ ಆ ಬಿಳಿಯ ಕೂಡಕ್ಷರವನ್ನು ನಾನೇ ಕಂಡಿದ್ದೇನೆ. ಅದರೊಳಗೆ ವಾಲ್ವಿಲ್ಲ, 820 ಓಮಿನ ರೋಧಕವಿಲ್ಲ, ಕ್ರೇವನ್ನನ ಬೆಸುಗೆಯಿಲ್ಲ.

ಹಾಗಾದರೆ ಮೂಲಪ್ರತಿ ಯಾವುದು? ಹಳೆಯ ಯಂತ್ರಗಳನ್ನು ಅಪಾರ ಬೆಲೆಗೆ ಕೊಳ್ಳುವವರು ತಮ್ಮ ಬಳಿ ಅದಿದೆಯೆಂದು ನಂಬುತ್ತಾರೆ. ಆದರೆ ಆ ಕಾಲದ ರೋಧಕಗಳ ಬೆಲೆ ಬರೆದದ್ದಕ್ಕಿಂತ ನೂರಕ್ಕೆ ಹತ್ತು ಹೆಚ್ಚುಕಡಿಮೆ ಇರುವುದು ವಾಡಿಕೆಯೇ ಆಗಿತ್ತು. ಒಂದೇ ವಾರ ಹೊರಬಂದ ಎರಡು ಯಂತ್ರಗಳೂ ತದ್ರೂಪವಲ್ಲ. ಐವತ್ತು ವರ್ಷಗಳಲ್ಲಿ ಆ ಬೆಲೆಗಳು ಇನ್ನಷ್ಟು ಜರುಗಿವೆ. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರುಗಳು ಒಣಗುತ್ತವೆ. ಅವನ್ನು ಬದಲಿಸದೆ ನುಡಿಸಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುವ ಭಯ, ಬದಲಿಸಿದರೆ ಮೂಲ ಹೋಯಿತೆಂಬ ಕೊರಗು. ನುಸಿ ತಿಂದ ಗರಿಯ ಅಂಚನ್ನು ಮುಟ್ಟಲೋ ಬೇಡವೋ ಎಂದು ಕೂತ ಸಂಪಾದಕನ ಸಂಕಟ ಇದೇ. ನಾನಾದರೆ ಬದಲಿಸುತ್ತೇನೆ, ತೆಗೆದದ್ದನ್ನು ಒಂದು ಲಕೋಟೆಯಲ್ಲಿ ಹಾಕಿ, ಬೆಲೆ ಮತ್ತು ದಿನಾಂಕ ಬರೆದು, ಯಂತ್ರದ ಪೆಟ್ಟಿಗೆಯೊಳಗೇ ಇಡುತ್ತೇನೆ. ವಾಲ್ವುಗಳ ಪಾಡು ಬೇರೆ. ಒಂದು ಕಾಲಕ್ಕೆ ದೇಶದೇಶಗಳಲ್ಲಿ ತಯಾರಾಗುತ್ತಿದ್ದ ಅವು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳ ಬೆರಳೆಣಿಕೆಯ ಕಾರ್ಖಾನೆಗಳಿಂದ ಬರುತ್ತವೆ. 2022ರ ಮಾರ್ಚಿಯಲ್ಲಿ ಯುದ್ಧದ ನಡುವೆ ರಷ್ಯಾ ರಫ್ತನ್ನು ತಡೆದಾಗ ಜಗತ್ತಿನ ಗಿಟಾರ್ ವಾದಕರು ಅಂಗಡಿಗಳಿಗೆ ಮುಗಿಬಿದ್ದರು. ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳಿಗೂ ಆಗ ಬೆಲೆ ಬಂತು.